ಕಲ್ಲು ಎದ್ದ ಹೊಲದಲ್ಲಿ ಮೊದಲು ಮಣ್ಣು ನಿಲ್ಲಿಸಿ, ನೀರಿನ ಮಾತು ಆಮೇಲೆ

ಪ್ರಶ್ನೆ: ನಾವು ಪುಣೆಯ ಚಿಂಚವಡದಲ್ಲಿ ನೆಲೆಸಿದವರು. ಚಿತ್ತಾಪುರ ತಾಲೂಕಿನಲ್ಲಿ ಐದು ಎಕರೆ ಹೊಲವಿದೆ, ಕಾಕಾ ನೋಡಿಕೊಳ್ಳುತ್ತಾರೆ. ಮೂರು ಎಕರೆಯಲ್ಲಿ ತೊಗರಿ ಬರುತ್ತದೆ. ಉಳಿದ ಎರಡು ಎಕರೆಯಲ್ಲಿ ವರ್ಷದಿಂದ ವರ್ಷಕ್ಕೆ ಕಲ್ಲು ಮೇಲೆ ಬರುತ್ತಿದೆ. ಇಲ್ಲಿ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಕಂಡಂತೆ ಅಲ್ಲಿಯೂ ಜೆಸಿಬಿಯಿಂದ ಸಮಪಾತಳಿ ಟ್ರೆಂಚ್ (ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ತೋಡುವ ಕಾಲುವೆ) ತೋಡಿಸಿದೆವು. ಮೊದಲ ದೊಡ್ಡ ಮಳೆಗೇ ಒಂದು ಟ್ರೆಂಚಿನ ನಡುವೆ ಆರು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ ಬಿತ್ತು. ಬೋರಿನ ನೀರು ಎರಡು ದಿನ ಕದಡಿ ಬಂತು. ಗುತ್ತಿಗೆದಾರರು ಅದೇ ಜಾಗದಲ್ಲಿ ಕೃಷಿ ಹೊಂಡ ತೋಡಿಸಿ, ಮೀಟರ್ ಗುಂಡಿ (ಉದ್ದ, ಅಗಲ, ಆಳ ಒಂದೊಂದು ಮೀಟರ್) ತೆಗೆದು 400 ಮಾವು ಹಚ್ಚಿ ಎನ್ನುತ್ತಾರೆ. ಇನ್ನೊಂದು ಬೋರ್ ಹಾಕಿಸಲೂ ಹೇಳುತ್ತಾರೆ. ಫರಸಿ (ಹಾಸುಗಲ್ಲು) ಖಣಿಯವರೊಬ್ಬರು ಆ ಎರಡು ಎಕರೆ ಲೀಸಿಗೆ ಕೇಳುತ್ತಿದ್ದಾರೆ. ಏನು ಮಾಡುವುದು?

ಉತ್ತರ: ಹೊಂಡ ತೋಡಬೇಡಿ, ಮೀಟರ್ ಗುಂಡಿ ತೆಗೆಯಬೇಡಿ, ಆ ಎರಡು ಎಕರೆಯೊಳಗೆ ಇನ್ನು ಜೆಸಿಬಿ ಹೊಗಿಸಬೇಡಿ. ಬೋರ್ ಮತ್ತು ಖಣಿಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ನಿಮಗೆ ಸಲಹೆ ಕೊಟ್ಟವರು ಪುಣೆ, ಸಾತಾರಾ ಕಡೆ ಫಲ ಕೊಟ್ಟ ಕೆಲಸವನ್ನೇ ಹೇಳಿದ್ದಾರೆ. ಆದರೆ ಅಲ್ಲಿನ ಕಲ್ಲೇ ಬೇರೆ, ನಿಮ್ಮ ಹೊಲದ ಕಲ್ಲೇ ಬೇರೆ. ನಿಮ್ಮ ತೊಂದರೆಯೆಲ್ಲ ಇಲ್ಲಿಂದಲೇ ಶುರುವಾಗಿದೆ.

ಪುಣೆಯ ಸುತ್ತಲಿನ ಗುಡ್ಡಗಳು ಲಾವಾ ಹರಿದು ಗಟ್ಟಿಯಾದ ಕಪ್ಪು ಟ್ರ್ಯಾಪ್ ಕಲ್ಲಿನವು. ಆ ಕಲ್ಲಿನ ಮೇಲ್ಭಾಗ ಶಿಥಿಲವಾಗಿ ಮುರುಮ್ ಆಗಿರುತ್ತದೆ. ಟ್ರೆಂಚಿನಲ್ಲಿ ನಿಂತ ನೀರು ಮುರುಮಿನೊಳಗೆ ನಿಧಾನವಾಗಿ ಇಂಗುತ್ತದೆ, ಕೆಳಗಿನ ಗಟ್ಟಿ ಪದರ ಅದನ್ನು ತಡೆದು ನಿಲ್ಲಿಸುತ್ತದೆ, ಮುಂದೆ ತಿಂಗಳುಗಟ್ಟಲೆ ಅದು ಬಾವಿಗೆ ಜಿನುಗುತ್ತದೆ. ಅಲ್ಲಿ ಕೊರತೆ ಇರುವುದು ನೀರು ಇಂಗಿಸುವುದರಲ್ಲಿ. ನಿಮ್ಮ ಹೊಲ ಇರುವುದು ಭೀಮಾ ಸೀಮೆಯ ಸುಣ್ಣದಕಲ್ಲಿನ ಮೇಲೆ. ಪುಣೆಯ ಹಳೆಯ ವಾಡೆಗಳ ಅಂಗಳಕ್ಕೆ, ಚಾಳುಗಳ ಮೊಗಸಾಲೆಗೆ ಹಾಸಿದ ಶಹಾಬಾದ್ ಫರಸಿ ಇದೇ ಕಲ್ಲು. ಇದು ಚಪ್ಪಟೆ ಪದರಗಳಲ್ಲಿ ಮಲಗಿದೆ. ಪದರ ಪದರದ ನಡುವೆ ಸಂದು, ಮೇಲಿನಿಂದ ಕೆಳಕ್ಕೆ ನೆಟ್ಟನೆಯ ಬಿರುಕು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದಕಲ್ಲು ಕರಗುತ್ತದೆ. ಸಾವಿರಾರು ವರ್ಷ ಹೀಗೆ ಕರಗಿ ಕರಗಿ ಬಿರುಕುಗಳು ಅಗಲವಾಗಿ, ಒಳಗೆ ಕೊಳವೆ, ಪೊಟರೆಗಳಾಗುತ್ತವೆ. ಇಂಥ ನೆಲವನ್ನು ಕಾರ್ಸ್ಟ್ ಎನ್ನುತ್ತಾರೆ. ಯಾಣದ ಶಿಖರಗಳಂತೆಯೋ ಆಂಧ್ರದ ಬೇಲಂ ಗುಹೆಯಂತೆಯೋ ಕಣ್ಣಿಗೆ ಹೊಡೆಯುವಂಥದ್ದು ನಿಮ್ಮಲ್ಲಿ ಇಲ್ಲ, ಆದರೆ ಒಳಗಿನ ಗುಣ ಅದೇ. ಇಲ್ಲಿ ನೀರು ತಾನಾಗಿಯೇ ಕೆಳಗಿಳಿಯುತ್ತದೆ, ಹೋಗುವಾಗ ಮಣ್ಣನ್ನೂ ಜೊತೆಗೆ ಒಯ್ಯುತ್ತದೆ. ಆದ್ದರಿಂದ ಇಲ್ಲಿ ಇಂಗಿಸುವ ಕೆಲಸಕ್ಕಿಂತ ಮಣ್ಣು ಹಿಡಿಯುವ ಕೆಲಸ ಮೊದಲು.

60 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಟ್ರೆಂಚ್ 50 ಮೀಟರ್ ಉದ್ದವಿದ್ದರೆ ಅದರಲ್ಲಿ 18,000 ಲೀಟರ್ ನೀರು ನಿಲ್ಲುತ್ತದೆ. ಹೊಲವೆಲ್ಲ ಹರಡಿ ಹೋಗುತ್ತಿದ್ದ ನೀರನ್ನು ನೀವು ಒಂದು ಗೆರೆಗೆ ತಂದು ನಿಲ್ಲಿಸಿದಿರಿ. ಆ ಗೆರೆಯ ಕೆಳಗೆ ಎಲ್ಲೋ ಒಂದು ಬಿರುಕು ಬಾಯಿ ತೆರೆದಿತ್ತು. ಅದರ ಮೇಲಿನ ಮಣ್ಣಿನ ಮುಚ್ಚಳವನ್ನು ಟ್ರೆಂಚ್ ತೋಡುವಾಗ ತೆಗೆದಾಗಿತ್ತು. ನೀರಿನ ಭಾರಕ್ಕೆ ಬಿರುಕಿನೊಳಗಿನ ನುಣುಪು ಮಣ್ಣು ಜಾರಿತು, ಕೆಳಗಿನಿಂದ ಮೇಲಕ್ಕೆ ಪೊಳ್ಳು ಬೆಳೆಯಿತು, ಕೊನೆಗೆ ಮೇಲಿನ ಪದರ ಕುಸಿಯಿತು. ಬೋರಿಗೆ ಬಂದ ಕದಡು ನೀರು ನಿಮ್ಮ ಹೊಲದ ಮಣ್ಣೇ. ಮಳೆಯಾದ ಕೆಲವೇ ಗಂಟೆಗಳಲ್ಲಿ ಬಾವಿಯೋ ಬೋರೋ ಕದಡಿದರೆ ಮಣ್ಣು ಒಳಗೆ ಸೋರುತ್ತಿದೆ ಎಂದು ತಿಳಿಯಬೇಕು. ಇದಕ್ಕಿಂತ ನಂಬಿಕೆಯ ಗುರುತು ಬೇರೆ ಬೇಕಿಲ್ಲ.

ಹೋದ ಮಣ್ಣು ಮತ್ತೆ ಆಗುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಲೆಕ್ಕ. ಟ್ರ್ಯಾಪ್ ಕಲ್ಲು ಶಿಥಿಲವಾದರೆ ಅದರ ಬಹುಪಾಲು ಮಣ್ಣಾಗಿ ಉಳಿಯುತ್ತದೆ. ಸುಣ್ಣದಕಲ್ಲು ಹಾಗಲ್ಲ. ಕರಗಿದ ಭಾಗ ನೀರಿನೊಂದಿಗೆ ಹೋಗಿಬಿಡುತ್ತದೆ, ಕರಗದೆ ಉಳಿದ ಜೇಡಿ, ಮರಳಿನಷ್ಟೇ ಮಣ್ಣಾಗುವುದು. ಕಲ್ಲಿನಲ್ಲಿ ಕರಗದ ಭಾಗ ನೂರಕ್ಕೆ 5 ಎಂದಿಟ್ಟುಕೊಂಡರೆ, 1 ಸೆಂ.ಮೀ. ಮಣ್ಣಿಗೆ ಹತ್ತಿರ ಹತ್ತಿರ 10 ಸೆಂ.ಮೀ. ಕಲ್ಲು ಕರಗಬೇಕು. ಸಾವಿರ ವರ್ಷಕ್ಕೆ 25 ಮಿ.ಮೀ. ಕರಗುತ್ತದೆ ಎಂದು ಹಿಡಿದರೂ ಆ ಒಂದು ಸೆಂ.ಮೀ.ಗೆ 4,000 ವರ್ಷ. ನಿಮ್ಮ ಭಾಗದ ಎರೆ ಮಣ್ಣಿನ ಬಹುಪಾಲು ಟ್ರ್ಯಾಪ್ ಸೀಮೆಯಿಂದ ಬಂದು ಸುಣ್ಣದಕಲ್ಲಿನ ಮೇಲೆ ಕೂತದ್ದು. ಅಂದರೆ ಅಡಿಯ ಕಲ್ಲು ಅದನ್ನು ಮತ್ತೆ ಹುಟ್ಟಿಸಿಕೊಡುವುದಿಲ್ಲ. ಒಂದು ಎಕರೆಯಿಂದ ಕೇವಲ 1 ಮಿ.ಮೀ. ಮಣ್ಣು ಹೋದರೆ ಅದು 4 ಘನ ಮೀಟರ್, ಸುಮಾರು 5 ಟನ್. ಕಣ್ಣಿಗೆ ಗೊತ್ತೇ ಆಗದು.

ಈ ಬಗೆಯ ನೆಲ ಹಾಳಾಗಿ ಬರೀ ಕಲ್ಲು ಉಳಿಯುವುದು ಅತಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ನೈಋತ್ಯ ಚೀನಾದ ಗುಯಿಝೌ, ಯುನ್ನಾನ್, ಗುವಾಂಗ್ಶಿ ಮೊದಲಾದ ಪ್ರಾಂತ್ಯಗಳಲ್ಲಿ. ಇಳಿಜಾರಿನಲ್ಲಿ ಉತ್ತು ಮೆಕ್ಕೆಜೋಳ ಬೆಳೆದು, ಗಿಡಗಂಟಿ ಕಡಿದು ಉರುವಲು ಮಾಡಿ, ಮಣ್ಣು ಅರ್ಧ ಕೆಳಗೆ ಹರಿದು ಅರ್ಧ ಬಿರುಕಿಗೆ ಇಳಿದು ಹೋಯಿತು. 2005ರ ಅಲ್ಲಿನ ಸಮೀಕ್ಷೆಯಲ್ಲಿ ಹೀಗೆ ಕಲ್ಲಾದ ನೆಲ ಸುಮಾರು 1.3 ಲಕ್ಷ ಚದರ ಕಿ.ಮೀ., 2016ರಲ್ಲಿ ಸುಮಾರು 1 ಲಕ್ಷಕ್ಕೆ ಇಳಿದಿತ್ತು. ಇಳಿಸಿದ್ದು ಮುಖ್ಯವಾಗಿ ಎರಡು ಕ್ರಮ: ಕಡಿದಾದ ಜಾಗದಲ್ಲಿ ಉಳುಮೆ ಬಿಡಿಸಿದ್ದು, ಮೇಯಿಸುವುದು ಕಡಿಯುವುದು ನಿಲ್ಲಿಸಿ ನೆಲಕ್ಕೆ ಬಿಡುವು ಕೊಟ್ಟದ್ದು. ಗುಯಿಝೌದ ಹುವಾಜಿಯಾಂಗ್ ಕಣಿವೆಯಲ್ಲಿ ಬಂಡೆಗಳ ಸಂದಿನ ಮಣ್ಣಿನಲ್ಲಷ್ಟೇ ಸಿಚುವಾನ್ ಮೆಣಸಿನ ಪೊದೆ ಹಚ್ಚಿ ರೈತರು ಆದಾಯ ಕಂಡರು. ಗೋವಾ, ಕೊಂಕಣದಲ್ಲಿ ಮೀನಿನ ಸಾರಿಗೆ ಹಾಕುವ ತಿರ್ಫಳದ ಹತ್ತಿರದ ಸಂಬಂಧಿ ಅದು. ತಿರ್ಫಳ ನಿಮ್ಮ ಒಣ ಹವೆಗೆ ಆಗುವುದಿಲ್ಲ, ಆದರೆ ಬಂಡೆಯನ್ನು ಒಡೆಯದೆ ಸಂದನ್ನು ಬಳಸಿಕೊಳ್ಳುವ ಆ ಕ್ರಮ ನಿಮಗೆ ಆಗುತ್ತದೆ.

ಈಗ ಕೆಲಸಕ್ಕೆ ಬರೋಣ.

ಕಲ್ಲು ಸುಣ್ಣದ್ದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕೈಗೆ ಗವಸು ಹಾಕಿಕೊಂಡು, ನೀರಿಗೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಿದ್ದನ್ನು ನಾಲ್ಕು ಹನಿ ಕಲ್ಲಿನ ಮೇಲೆ ಬಿಡಿ. ಬುರುಬುರು ನೊರೆ ಬಂದರೆ ಸುಣ್ಣದಕಲ್ಲು. ಮಣ್ಣಿನ ಮೇಲೆ ಹನಿ ಬಿಟ್ಟು ನಿರ್ಣಯಕ್ಕೆ ಬರಬೇಡಿ. ಟ್ರ್ಯಾಪ್ ಮೇಲಿನ ಎರೆ ಮಣ್ಣಿನಲ್ಲೂ ಸುಣ್ಣದ ಹರಳು ಇರುತ್ತದೆ, ಅದೂ ನೊರೆಯುತ್ತದೆ. ನೆಲದೊಳಗೆ ಬೇರೂರಿದ ಹಾಸುಗಲ್ಲನ್ನೇ ಒಡೆದು, ಹೊಸ ಮೈಯ ಮೇಲೆ ನೋಡಬೇಕು.

ಬಿದ್ದ ಗುಂಡಿಯ ಕೆಲಸ ಮುಂದಿನ ಮಳೆಗಾಲದೊಳಗೆ ಮುಗಿಯಲೇಬೇಕು. ಗುಂಡಿಯ ಅಂಚು ಒಳಗಡೆ ಪೊಳ್ಳಾಗಿರುತ್ತದೆ, ಮೇಲೆ ನಿಂತವರನ್ನು ಕೂಡಿಕೊಂಡು ಕುಸಿಯಬಹುದು. ಸುತ್ತ ಹತ್ತು ಅಡಿ ದೂರದಲ್ಲಿ ಮುಳ್ಳುಬೇಲಿ ಹಾಕಿಸಿ, ದನ ಮಕ್ಕಳು ಹೋಗದಂತೆ ನೋಡಿ. ಮೇಲ್ಭಾಗದಿಂದ ಹರಿದು ಬರುವ ನೀರನ್ನು ಒಂದೂವರೆ ಅಡಿ ಎತ್ತರದ ಬದುವಿನಿಂದ ಬೇರೆಡೆ ತಿರುಗಿಸಿ, ಆದರೆ ಒಂದೇ ಕಡೆ ಕೂಡಿ ಹರಿಯದಂತೆ ಹುಲ್ಲಿನ ಮೇಲೆ ಹರಡಿಬಿಡಿ. ಆಮೇಲೆ ಅಂಚನ್ನು ಹೊರಗಿನಿಂದಲೇ ಇಳಿಜಾರಾಗಿ ಕೆತ್ತಿ, ತಳದ ಸಡಿಲ ಮಣ್ಣು ತೆಗೆದು, ನೀರು ಇಳಿದ ಬಾಯಿ ಎಲ್ಲಿದೆ ಎಂದು ಕಾಣಬೇಕು. ಹಗ್ಗ ಕಟ್ಟಿಕೊಳ್ಳದೆ, ಮೇಲೆ ಇಬ್ಬರಿಲ್ಲದೆ ಯಾರನ್ನೂ ಒಳಗೆ ಇಳಿಸಬೇಡಿ.

ಬಾಯಿ ಸಿಕ್ಕ ಮೇಲೆ ತುಂಬುವ ಕ್ರಮ ಹೀಗೆ. ಎಲ್ಲಕ್ಕಿಂತ ಕೆಳಗೆ, ಬಾಯಿಯ ಅಗಲದ ಅರ್ಧಕ್ಕಿಂತ ದೊಡ್ಡ ಕಲ್ಲುಗಳು. ಬಾಯಿ 40 ಸೆಂ.ಮೀ. ಇದ್ದರೆ 25ರಿಂದ 60 ಸೆಂ.ಮೀ. ಗಾತ್ರದವು. ಅವು ಒಂದಕ್ಕೊಂದು ಸಿಕ್ಕಿಕೊಂಡು ಸೇತುವೆಯಾಗಬೇಕು, ಒಳಗೆ ಉರುಳಿ ಹೋಗಬಾರದು. ಅದರ ಮೇಲೆ 10ರಿಂದ 20 ಸೆಂ.ಮೀ. ಕಲ್ಲು, ಮೇಲೆ ಒಂದು ಅಡಿ 20–40 ಮಿ.ಮೀ. ಜಲ್ಲಿ, ಮೇಲೆ ಅರ್ಧ ಅಡಿ ದಪ್ಪ ಮರಳು. ಜಲ್ಲಿ ಮತ್ತು ಮರಳಿನ ನಡುವೆ ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿದರೆ ಇನ್ನೂ ಒಳ್ಳೆಯದು. ಆಮೇಲೆ ನಿಮ್ಮದೇ ಹೊಲದ ಮಣ್ಣು, ಅರ್ಧರ್ಧ ಅಡಿ ಹಾಕಿ, ತೇವ ಮಾಡಿ, ದಿಮ್ಮಿಸಿ, ಮತ್ತೆ ಅರ್ಧ ಅಡಿ. ಕೊನೆಯಲ್ಲಿ ಸುತ್ತಲಿನ ನೆಲಕ್ಕಿಂತ ಆರೇಳು ಇಂಚು ಉಬ್ಬಾಗಿರಲಿ, ಏಕೆಂದರೆ ಮೊದಲ ಮಳೆಗಾಲದಲ್ಲಿ ತಗ್ಗುತ್ತದೆ. ಹೀಗೆ ಮಾಡಿದರೆ ನೀರು ಇಳಿಯುತ್ತದೆ, ಮಣ್ಣು ನಿಲ್ಲುತ್ತದೆ.

ಬಹಳ ಜನ ಇಲ್ಲಿ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟಿಗೆ ತಡೆದ ನೀರು ಪಕ್ಕದ ಬಿರುಕು ಹುಡುಕುತ್ತದೆ. ಎರಡು ವರ್ಷ ಬಿಟ್ಟು ಹತ್ತು ಹೆಜ್ಜೆ ಆಚೆ ಇನ್ನೊಂದು ಗುಂಡಿ ಬೀಳುತ್ತದೆ. ಇನ್ನು ಕೆಲವರು ಊರ ಕಸ, ಸತ್ತ ದನ, ಔಷಧಿ ಡಬ್ಬಿ ಎಲ್ಲ ಅದಕ್ಕೇ ಹಾಕುತ್ತಾರೆ. ದಯವಿಟ್ಟು ಇದನ್ನು ಕಾಕಾ ಅವರಿಗೆ ಬಿಡಿಸಿ ಹೇಳಿ. ಮರಳಿನ ನೆಲದಲ್ಲಿ ನೀರು ಸೋಸಿ ಇಳಿಯುತ್ತದೆ. ಇಲ್ಲಿ ತೆರೆದ ಕೊಳವೆಯಲ್ಲಿ ಹರಿಯುತ್ತದೆ, ಸೋಸುವುದು ಏನೂ ಇಲ್ಲ. ಗುಂಡಿಗೆ ಹಾಕಿದ್ದು ಕೆಲವೇ ದಿನಗಳಲ್ಲಿ ನಿಮ್ಮ ಅಥವಾ ನೆರೆಯವರ ಕುಡಿಯುವ ನೀರಿಗೆ ಬರುತ್ತದೆ. ಔಷಧಿ ಹೊಡೆಯುವ ಪಂಪು ತೊಳೆದ ನೀರನ್ನೂ ಆ ಕಡೆ ಚೆಲ್ಲಬೇಡಿ. ಬಾಯಿ ಸಿಗದಿದ್ದರೆ, ಅಥವಾ ಗುಂಡಿ ಮನೆ, ಬಾವಿ, ರಸ್ತೆಗೆ ಹತ್ತಿರವಿದ್ದರೆ, ತುಂಬುವ ಮೊದಲು ಭೂವಿಜ್ಞಾನಿಯನ್ನು ಕರೆಸಿ ವಿದ್ಯುತ್ ರೋಧ ಪರೀಕ್ಷೆ (ನೆಲಕ್ಕೆ ವಿದ್ಯುತ್ ಹಾಯಿಸಿ ಒಳಗಿನ ಪೊಳ್ಳು ತಿಳಿಯುವ ಪರೀಕ್ಷೆ) ಮಾಡಿಸಿ.

ಉಳಿದ ಟ್ರೆಂಚುಗಳನ್ನೂ ಇದೇ ಕ್ರಮದಲ್ಲಿ, ಕಲ್ಲು ಕೆಳಗೆ ಮಣ್ಣು ಮೇಲೆ ಎಂದು ಮುಚ್ಚಿಸಿ. ತೋಡಿ ದಂಡೆಯ ಮೇಲೆ ಹಾಕಿದ ಮಣ್ಣು ಇನ್ನೂ ಅಲ್ಲೇ ಇದ್ದರೆ ಅದೇ ನಿಮ್ಮ ದೊಡ್ಡ ಆಸ್ತಿ.

ಇದಾದ ಮೇಲೆ ಹೊಲದ ಆಳ ಅಳೆಯಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇಲ್ಲ, ಖರ್ಚೂ ಇಲ್ಲ. 12 ಮಿ.ಮೀ. ದಪ್ಪದ, ನಾಲ್ಕು ಅಡಿ ಉದ್ದದ ಕಬ್ಬಿಣದ ಸಲಾಕೆಯ ತುದಿ ಚೂಪು ಮಾಡಿಸಿ, ಮೇಲೆ ಅಡ್ಡ ಹಿಡಿ ಬೆಸೆಯಿಸಿ. ಹಿಂಗಾರಿನ ತೇವ ಇನ್ನೂ ಇರುವಾಗ, ಅಕ್ಟೋಬರ್ ಹೊತ್ತಿಗೆ, ಹತ್ತು ಹತ್ತು ಮೀಟರಿಗೆ ಒಂದು ಕಡೆ ಒತ್ತುತ್ತಾ ಹೋಗಿ. ಎಕರೆಗೆ ಸುಮಾರು 40 ಕಡೆ ಆಗುತ್ತದೆ. ಪ್ರತಿ ಕಡೆ ಒಂದೇ ಸಲ ಒತ್ತಿ ಬಿಡಬೇಡಿ. ಸುತ್ತ ಒಂದು ಮೀಟರಿನೊಳಗೆ ಮೂರು ಸಲ ಒತ್ತಿ. ಒಂದು ಕಡೆ ನಾಲ್ಕು ಇಂಚಿಗೆ ಕಲ್ಲು ತಾಗಿದರೆ, ಒಂದು ಮೊಳ ಆಚೆ ಪೂರ್ತಿ ಸಲಾಕೆ ಇಳಿದುಬಿಡುತ್ತದೆ. ಅದೇ ಬಿರುಕಿನ ಮಣ್ಣು. ಅಲ್ಲಿ ಗೂಟ ಹೊಡೆದು ಬಣ್ಣ ಹಚ್ಚಿ. ಕಾಗದದ ಮೇಲೆ ಮೂರು ಬಣ್ಣದಲ್ಲಿ ನಕ್ಷೆ ಮಾಡಿ: 15 ಸೆಂ.ಮೀ.ಗಿಂತ ಕಡಿಮೆ, 15ರಿಂದ 45, ಅದಕ್ಕಿಂತ ಹೆಚ್ಚು.

ಅಂಥ ಒಂದು ಬಿರುಕಿನ ಮುಂದೆ ಕೂತು ನೋಡಿ. ಮೇಲೆ ಎರಡು ಬೆರಳಿನಷ್ಟು ಅಗಲ, ಒಳಗೆ ಕಪ್ಪು ಮಣ್ಣು, ಸುತ್ತಲಿನ ಹೊಲ ಬಿರಿದು ಒಣಗಿದಾಗಲೂ ಬೆರಳು ಹಾಕಿದರೆ ತಂಪು. ಕಾಗೆ ಉದುರಿಸಿದ ಬೇವಿನ ಬೀಜ ಮೊಳೆತಿರುವುದು ಅಲ್ಲೇ, ಹುಲ್ಲಿನ ಗರಿ ಹಸಿರಾಗಿ ಉಳಿದಿರುವುದು ಅಲ್ಲೇ. ಬೇರು ಹೋಗಬೇಕಾದ ದಾರಿಯನ್ನು ಅದು ತೋರಿಸುತ್ತದೆ. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ, ಚೇಳು ಹಾವುಗಳಿಗೂ ಆ ತಂಪು ಬೇಕು.

45 ಸೆಂ.ಮೀ.ಗಿಂತ ಹೆಚ್ಚು ಆಳವಿದ್ದಲ್ಲಿ ಬೆಳೆ ಮುಂದುವರಿಸಿ. ನಡುವಿನ ವರ್ಗಕ್ಕೆ ಹುಲ್ಲು, ಹುರುಳಿ, ಸಂದುಗಳಲ್ಲಿ ಗಿಡ. 15ಕ್ಕಿಂತ ಕಡಿಮೆ ಇದ್ದಲ್ಲಿ ಉಳುಮೆ ಇಂದೇ ನಿಲ್ಲಿಸಿ, ಬೇಲಿ ಹಾಕಿ, ಮೂರು ವರ್ಷ ಆಡು ಕುರಿ ಬಿಡಬೇಡಿ. ಮೇವು ಬೇಕಾದರೆ ಕೊಯ್ದು ತರಬಹುದು. ಅಲ್ಲಿಯ ಸಣ್ಣ ಕಲ್ಲು ಆರಿಸಿ ಹಸನು ಮಾಡುವ ಆಸೆಯೂ ಬೇಡ. ಮುಷ್ಟಿಗಿಂತ ಸಣ್ಣ ಕಲ್ಲು ಮಳೆಹನಿಯ ಪೆಟ್ಟು ತಡೆಯುತ್ತದೆ, ತೇವ ಆರದಂತೆ ಕಾಯುತ್ತದೆ. ಆರಿಸಬೇಕಾದ್ದು ಕುಂಟೆಗೆ ಸಿಕ್ಕುವ ದೊಡ್ಡವನ್ನು ಮಾತ್ರ, ಅವು ಬದುವಿಗೆ ಬೇಕೂ ಬೇಕು.

ಬದು ಹಾಕುವುದು ಒಣ ಕಲ್ಲಿನಿಂದ. ಸಿಮೆಂಟೂ ಬೇಡ, ಮಣ್ಣಿನ ಒಡ್ಡೂ ಬೇಡ. ಮಣ್ಣಿನ ಒಡ್ಡು ನೀರನ್ನು ಕಟ್ಟಿ ನಿಲ್ಲಿಸುತ್ತದೆ, ನಿಂತ ನೀರು ಬಿರುಕು ಹುಡುಕುತ್ತದೆ. ಕಲ್ಲಿನ ಬದು ನೀರನ್ನು ತಡೆದು ತಡೆದು ಬಿಡುತ್ತದೆ, ಹೂಳನ್ನು ಹಿಡಿದುಕೊಳ್ಳುತ್ತದೆ. ಸಮಪಾತಳಿ ಗುರುತು ಮಾಡಲು ಇಂಜಿನಿಯರ್ ಬೇಕಿಲ್ಲ, ಗೌಂಡಿಯವರ ಹತ್ತಿರ ಇರುವ ಪಾರದರ್ಶಕ ಪೈಪಿನ ನೀರುಮಟ್ಟ ಸಾಕು. ನೂರು ಅಡಿಗೆ ಎರಡು ಅಡಿ ಇಳಿಜಾರು ಇದ್ದರೆ 30 ಮೀಟರಿಗೊಂದು ಬದು. ತಳ 60 ಸೆಂ.ಮೀ., ಎತ್ತರ 45, ಮೇಲೆ 30. ಎರಡು ಎಕರೆಗೆ ಸುಮಾರು 260 ಮೀಟರ್ ಬದು ಬರುತ್ತದೆ, ಅದಕ್ಕೆ ಸುಮಾರು 53 ಘನ ಮೀಟರ್ ಕಲ್ಲು, ಅಂದರೆ 3 ಘನ ಮೀಟರ್ ಹಿಡಿಯುವ ಟ್ರೇಲಿಯಲ್ಲಿ 17–18 ಖೇಪು. ನಿಮ್ಮ ಊರ ಖಣಿಗಳ ಸುತ್ತ ಫರಸಿ ತುಂಡಿನ ರಾಶಿಗೆ ಕೊರತೆಯಿಲ್ಲ.

ಕಲ್ಲು ಇಡುವ ಮೊದಲು ಗೆರೆಯುದ್ದಕ್ಕೂ ಸಲಾಕೆ ಒತ್ತಿ ಬಿರುಕು ಹುಡುಕಿ. ಎರಡು ಬೆರಳಿಗಿಂತ ಅಗಲವಿದ್ದರೆ ಮೊದಲು ದೊಡ್ಡ ಚಕ್ಕೆ ಬೆಣೆಯಂತೆ ಬಿಗಿದು, ಮೇಲೆ ಸಣ್ಣ ಚಕ್ಕೆ, ಮೇಲೆ ಗರಸು, ಆಮೇಲೆ ಮಣ್ಣು. ಬದುವಿನ ಮೊದಲ ಸಾಲನ್ನು ನಾಲ್ಕೈದು ಇಂಚು ನೆಲದೊಳಗೆ ಹೂತು, ಚಪ್ಪಟೆ ಕಲ್ಲುಗಳನ್ನು ಒಳಕ್ಕೆ ವಾಲುವಂತೆ ಜೋಡಿಸಿ. ಮೇಲಿನ ಮಗ್ಗುಲಿಗೆ ಸಣ್ಣ ಚಕ್ಕೆ ಸುರಿದು ಅದರ ಮೇಲೆ ತೊಗರಿ ಕಟ್ಟಿಗೆ ಅಡ್ಡ ಹಾಕಿ, ಹೂಳು ಅಲ್ಲಿ ಸೋಸಿ ನಿಲ್ಲುತ್ತದೆ. ಎರಡು ತುದಿಗಳನ್ನು ಮೇಲ್ಮುಖವಾಗಿ ಒಂದು ಮೀಟರ್ ತಿರುಗಿಸಿ, ಇಲ್ಲದಿದ್ದರೆ ನೀರು ತುದಿ ಸುತ್ತಿ ಕೊರೆಯುತ್ತದೆ. ತಗ್ಗಿನಲ್ಲಿ ಅರ್ಧ ಅಡಿ ಕಡಿಮೆ ಎತ್ತರ ಬಿಟ್ಟು, ನೀರು ಬೀಳುವಲ್ಲಿ ಫರಸಿ ಹಾಸಿ.

ಕೆರೆ ಹೂಳು ತರುವುದಾದರೆ ಬದು ಮುಗಿದ ಮೇಲೆ, ಬಿರುಕು ಬಿಗಿದ ಮೇಲೆ. ಮಹಾರಾಷ್ಟ್ರದಲ್ಲಿ 2017ರಿಂದ ಅಣೆಕಟ್ಟಿನ ಹೂಳನ್ನು ಹೊಲಕ್ಕೆ ಸಾಗಿಸುವ ಯೋಜನೆ ನಡೆದಿರುವುದು ನಿಮಗೆ ಗೊತ್ತಿರುತ್ತದೆ. ಆ ಕೆಲಸ ಇಲ್ಲಿಯೂ ಒಳ್ಳೆಯದೇ, ಆದರೆ ಕ್ರಮ ತಪ್ಪಿದರೆ ದುಡ್ಡು ಕೊಟ್ಟು ತಂದ ಹೂಳು ಒಂದೇ ಮಳೆಗೆ ಪಾತಾಳ ಸೇರುತ್ತದೆ. ಒಂದು ಎಕರೆಗೆ 2 ಸೆಂ.ಮೀ. ಹರಡಲು 81 ಘನ ಮೀಟರ್, 27 ಟ್ರೇಲಿ ಬೇಕು. ಅದನ್ನು ಮಧ್ಯಮ ಆಳದ ಜಾಗಕ್ಕಷ್ಟೇ ಹಾಕಿ. ತರುವ ಮುನ್ನ ಹೂಳಿನ ಉಪ್ಪು ಮತ್ತು ಪಿಎಚ್ ಪರೀಕ್ಷೆ ಮಾಡಿಸಿ.

ಇನ್ನು ಹಸಿರು. ಮಾವು ಈ ನೆಲದ ಗಿಡವಲ್ಲ. ಅದಕ್ಕೆ ಆಳ ಮಣ್ಣು ಬೇಕು, ಸುಣ್ಣ ಹೆಚ್ಚಾದರೆ ಎಲೆ ಹಳದಿಯಾಗುತ್ತದೆ, ಬೇಸಿಗೆಯಲ್ಲಿ ವಾರ ವಾರ ನೀರು ಬೇಕು. ಮೀಟರ್ ಗುಂಡಿ ತೆಗೆಯಲು ಕಲ್ಲು ಒಡೆಯಬೇಕು, ಒಡೆದರೆ ಪ್ರತಿ ಗುಂಡಿಯೂ ಹೊಸ ಸೋರುಬಾಯಿ. ಮೊದಲ ವರ್ಷ ಬರೀ ಹುಲ್ಲು ಹಾಕಿ: ಎಕರೆಗೆ ಅಂಜನ ಹುಲ್ಲಿನ ಬೀಜ 2 ಕೆ.ಜಿ., ಸ್ಟೈಲೋ (ಮೇವಿನ ದ್ವಿದಳ ಗಿಡ) 2 ಕೆ.ಜಿ. ಸ್ಟೈಲೋದಲ್ಲಿ ಹಮಾಟಾ ಜಾತಿ ಕೇಳಿ ತನ್ನಿ, ಅದು ಸುಣ್ಣದ ನೆಲಕ್ಕೆ ಹೊಂದುತ್ತದೆ. ಸ್ಕ್ಯಾಬ್ರಾ ಹುಳಿ ಮಣ್ಣಿನದು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ಬೀಜ ಹಗುರ, ಒಣ ಮಣ್ಣಿನೊಂದಿಗೆ ಬೆರೆಸಿ ಎರಚಿ. ಬದುವಿನ ಮೇಲ್ಮಗ್ಗುಲಿಗೆ ದಟ್ಟವಾಗಿ.

ಗಿಡಗಳನ್ನು ಗುರುತಿಸಿದ ಸಂದುಗಳಲ್ಲಿ ಮಾತ್ರ ಹಾಕಿ. ಎಕರೆಗೆ 60–80 ಸಿಕ್ಕರೆ ಹೆಚ್ಚು. ಸೀತಾಫಲ, ಬೇವು, ಕಮರ, ಹುಣಸೆ, ಬಾರಿ (ಬೋರೆ). ಪಾಲಿಥಿನ್ ಚೀಲದ ಸಸಿಗಿಂತ ಬೀಜವನ್ನೇ ಊರುವುದು ಮೇಲು. ಚೀಲದಲ್ಲಿ ತಾಯಿಬೇರು ಸುತ್ತಿಕೊಂಡಿರುತ್ತದೆ, ಬಿರುಕಿನೊಳಗೆ ನೇರ ಇಳಿಯಲಾರದು, ಎರಡನೇ ಬೇಸಿಗೆಗೆ ಸಾಯುತ್ತದೆ. ಕಮರದ ಬೇರು ಕಲ್ಲಿನ ಸಂದಿನಲ್ಲಿ ಇಳಿಯುವುದರಲ್ಲಿ ಬಹಳ ಗಟ್ಟಿ. ಒಂದು ಸಂದಿಗೆ ಮೂರು ನಾಲ್ಕು ಬೀಜ, ಜೂನ್ ಮಳೆ ಹದಕ್ಕೆ. ಬೇವಿನ ಬೀಜ ಹಣ್ಣಾಗಿ ಉದುರಿದ ಎರಡು ಮೂರು ವಾರದೊಳಗೆ ಊರಬೇಕು, ಹಳೆಯದು ಮೊಳೆಯುವುದಿಲ್ಲ. ಮೊಳೆತ ಮೇಲೆ ಸುತ್ತ ಚಪ್ಪಟೆ ಕಲ್ಲು ಹೊದಿಸಿ. ಒಂದೇ ಜಾತಿ ತುಂಬಬೇಡಿ. ಯುರೋಪಿನಲ್ಲಿ ಸ್ಲೊವೇನಿಯಾ, ಇಟಲಿ ಗಡಿಯ ಕ್ರಾಸ್ ಪ್ರಸ್ಥಭೂಮಿಯೂ ಹೀಗೇ ಬೋಳು ಸುಣ್ಣದಕಲ್ಲಿನದು. 1859ರಲ್ಲಿ ತ್ರಿಯೆಸ್ತೆ ಊರಿನ ಹತ್ತಿರ ಅಲ್ಲಿ ಕಪ್ಪು ಪೈನ್ ನೆಡುವುದು ಮೊದಲ ಬಾರಿ ಕೈಗೂಡಿತು, ಮುಂದೆ ಗುಡ್ಡ ಗುಡ್ಡ ಅದನ್ನೇ ನೆಟ್ಟರು. ನೆಲ ಹಸಿರಾಯಿತು ನಿಜ. ಆದರೆ ಪೈನ್ ರಾಳದ ಮರ. 2022ರ ಜುಲೈಯಲ್ಲಿ ಅಲ್ಲಿ ಸ್ಲೊವೇನಿಯಾ ಕಂಡ ಅತಿ ದೊಡ್ಡ ಕಾಡ್ಗಿಚ್ಚು ಹಬ್ಬಿತು.

ತೊಗರಿಯ ಮೂರು ಎಕರೆಯನ್ನು ಮರೆಯಬೇಡಿ, ಇಂದು ಕಲ್ಲಾದ ಎರಡು ಎಕರೆಯೂ ಒಂದು ಕಾಲಕ್ಕೆ ಹಾಗೇ ಇತ್ತು. ತೊಗರಿ ಮೊದಲ ಎರಡು ತಿಂಗಳು ನಿಧಾನ ಬೆಳೆಯುತ್ತದೆ, ಜೋರು ಮಳೆ ಬರುವುದೂ ಆಗಲೇ, ನೆಲ ಬರಿಮೈ. ಸಾಲುಗಳ ನಡುವೆ ಎರಡು ಸಾಲು ಹೆಸರು ಬಿತ್ತಿದರೆ ತಿಂಗಳೊಪ್ಪತ್ತಿನಲ್ಲಿ ನೆಲ ಮುಚ್ಚುತ್ತದೆ, ಅರುವತ್ತೈದು ದಿನಕ್ಕೆ ಕಾಯಿ ಕೈಗೆ. ಬಿತ್ತನೆ ಇಳಿಜಾರಿಗೆ ಅಡ್ಡ ಇರಲಿ. ರೋಟಾವೇಟರ್, ಆಳದ ನೇಗಿಲು ಬೇಡ, ಕುಂಟೆ ಕೂರಿಗೆ ಸಾಕು. ತೊಗರಿ ಕಟ್ಟಿಗೆ ಸುಡಬೇಡಿ.

ಗೊಬ್ಬರದ ವಿಷಯದಲ್ಲಿ ಎರಡು ಮಾತು. ಸುಣ್ಣದ ಮಣ್ಣಿನ ಪಿಎಚ್ 8ರ ಮೇಲಿರುತ್ತದೆ. ಅಂಗಡಿಯವರು ಜಿಪ್ಸಂ ಹೇಳುತ್ತಾರೆ. ಜಿಪ್ಸಂ ಸವುಳು ಮಣ್ಣಿಗೆ, ಸೋಡಿಯಂ ಹೆಚ್ಚಿದ್ದಲ್ಲಿ. ನಿಮ್ಮಲ್ಲಿ ಸುಣ್ಣ ಮೊದಲೇ ತುಂಬಿದೆ, ಪರೀಕ್ಷೆಯಲ್ಲಿ ಸೋಡಿಯಂ ಬರದೆ ಹಾಕಬೇಡಿ. ಕೊರತೆ ಬೀಳುವುದು ಸತು, ಕಬ್ಬಿಣ, ರಂಜಕ. ಜಿಂಕ್ ಸಲ್ಫೇಟ್ ಎಕರೆಗೆ 10 ಕೆ.ಜಿ., ತಿಪ್ಪೆಗೊಬ್ಬರದೊಂದಿಗೆ. ರಂಜಕವನ್ನು ಎರಚದೆ ಸಾಲಿನಲ್ಲಿ ಬೀಜದ ಪಕ್ಕ ಇಳಿಸಿ, ಎರಚಿದ್ದನ್ನು ಸುಣ್ಣ ಹಿಡಿದುಕೊಳ್ಳುತ್ತದೆ. ಎಳೆ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಮಣ್ಣಿಗೆ ಹಾಕಿದರೆ ದಂಡ. 15 ಲೀಟರ್ ಪಂಪಿಗೆ 75 ಗ್ರಾಂ ಅನ್ನಭೇದಿ, 15 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಮಣ್ಣಿಗೇ ಕೊಡುವ ಕಬ್ಬಿಣ ಬೇಕಾದರೆ ಡಬ್ಬಿಯ ಮೇಲೆ ಇಡಿಡಿಎಚ್‌ಎ ಎಂದಿರಬೇಕು. ಇಡಿಟಿಎ ಕಬ್ಬಿಣ ಈ ಪಿಎಚ್‌ನಲ್ಲಿ ನಿಲ್ಲುವುದಿಲ್ಲ.

ಹೊಂಡ ಬೇಕೇ ಬೇಕೆಂದರೆ ತೊಗರಿ ಹೊಲದ ಆಳ ಮಣ್ಣಿನ ಮೂಲೆಯಲ್ಲಿ, 500 ಮೈಕ್ರಾನ್ ಹಾಳೆ ಹಾಸಿ ಮಾತ್ರ. 12 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡಕ್ಕೆ ಒಂದೂವರೆಗೆ ಒಂದರ ಇಳಿಜಾರು ಕೊಟ್ಟರೆ ಸುಮಾರು 1.9 ಲಕ್ಷ ಲೀಟರ್ ಹಿಡಿಯುತ್ತದೆ, ಅಂಚು ಹೂಳಲು ಸೇರಿ 16 ಮೀಟರ್ ಚೌಕದ ಹಾಳೆ ಬೇಕು. ಮೂರು ಮೀಟರಿಗೆ ಮೊದಲೇ ಕಲ್ಲು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಸಿಡಿಮದ್ದು ಇಡಬೇಡಿ. ಹತ್ತಿರ ಬಿಟ್ಟುಹೋದ ಖಣಿ ಗುಂಡಿ ಇದ್ದರೆ ಅದು ಇದಕ್ಕಿಂತ ಲಾಭ. ಅದರ ಗೋಡೆಗೆ ಬಣ್ಣದ ಅಳತೆ ಪಟ್ಟಿ ಬರೆದು ನವೆಂಬರಿನಿಂದ ಫೆಬ್ರವರಿವರೆಗೆ ಮಟ್ಟ ನೋಡಿ. ಒಂದೇ ವಾರದಲ್ಲಿ ಅಡಿಗಟ್ಟಲೆ ಇಳಿದರೆ ತಳ ಸೋರುತ್ತಿದೆ. ನಿಧಾನ ಇಳಿದರೆ ಪಂಪು ಇಡಬಹುದು. ಸುತ್ತ ಬೇಲಿ ಇಲ್ಲದೆ ಮಾತ್ರ ಬಳಸಬೇಡಿ. ಖಣಿ ನೀರಿನಲ್ಲಿ ಇಳಿಜಾರು ದಂಡೆ ಇರುವುದಿಲ್ಲ, ಬಿದ್ದ ಮಗುವಿಗೆ ಹತ್ತಲು ದಾರಿಯಿಲ್ಲ.

ಹೊಸ ಬೋರ್ ಹಾಕಿಸುವುದನ್ನು ಒಂದೆರಡು ವರ್ಷ ಮುಂದೂಡಿ. ಸುಣ್ಣದಕಲ್ಲಿನ ನೀರು ಕರಗಿದ ಸಂದುಗಳಲ್ಲಿ, ಸಾಮಾನ್ಯವಾಗಿ ಮೊದಲ ಇನ್ನೂರು ಇನ್ನೂರೈವತ್ತು ಅಡಿಯೊಳಗೆ. ಆಳಕ್ಕೆ ಹೋದಂತೆ ಸಂದು ಮುಚ್ಚಿರುತ್ತದೆ, 800 ಅಡಿ ಕೊರೆದರೆ ಬಿಲ್ಲು ಮಾತ್ರ ಹೆಚ್ಚುತ್ತದೆ. ಇರುವ ಬೋರಿನ ಕೇಸಿಂಗ್ ಪೈಪು ಗಟ್ಟಿ ಕಲ್ಲಿಗೆ ಕೂತಿದೆಯೇ, ಸುತ್ತ ಸಿಮೆಂಟ್ ತುಂಬಿದೆಯೇ ನೋಡಿಸಿ. ಪುಣೆಯ ಸೊಸೈಟಿಗಳಲ್ಲಿ ಮಾಡುವಂತೆ ಬೋರಿಗೆ ನೇರ ಮಳೆನೀರು ಬಿಡುವುದಾದರೆ ಮನೆಯ ಮಾಳಿಗೆಯ ನೀರನ್ನು ಸೋಸಿ ಬಿಡಿ, ಹೊಲದ ನೀರನ್ನು ಎಂದಿಗೂ ಬೇಡ. ಬೋರನ್ನು ದಿನವಿಡೀ ಎಳೆಯುವುದೂ ಅಪಾಯ. ಒಳಗಿನ ನೀರಿನ ಮಟ್ಟ ಸರ್ರನೆ ಇಳಿದರೆ ಪೊಳ್ಳಿನ ಮೇಲಿದ್ದ ಮಣ್ಣಿಗೆ ಆಸರೆ ತಪ್ಪಿ ಹೊಸ ಗುಂಡಿ ಬೀಳುತ್ತದೆ.

ಕೆಲಸ ಹತ್ತುತ್ತಿದೆಯೋ ಇಲ್ಲವೋ ತಿಳಿಯಲು, ಎದ್ದು ನಿಂತ ಇಪ್ಪತ್ತು ಕಲ್ಲುಗಳಿಗೆ ಮಣ್ಣು ತಾಗುವ ಮಟ್ಟದಲ್ಲಿ ಮೇ ತಿಂಗಳಲ್ಲಿ ಬಣ್ಣದ ಗೆರೆ ಎಳೆಯಿರಿ. ದೀಪಾವಳಿಗೆ ಊರಿಗೆ ಹೋದಾಗ ನೋಡಿ. ಗೆರೆಯ ಕೆಳಗೆ ಹೊಸ ಕಲ್ಲು ಕಂಡರೆ ಮಣ್ಣು ಹೋಗಿದೆ. ಗೆರೆ ಮುಚ್ಚಿದ್ದರೆ ಕೂತಿದೆ. ಮೊದಲ ವರ್ಷವೇ ಇಪ್ಪತ್ತಕ್ಕೆ ಇಪ್ಪತ್ತೂ ಮುಚ್ಚಬೇಕೆಂದು ಬಯಸಬೇಡಿ, ಬದುವಿನ ಮೇಲ್ಮಗ್ಗುಲಿನವು ಮೊದಲು ಮುಚ್ಚುತ್ತವೆ.

ಖಣಿ ಲೀಸಿನ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಕೊಡಬೇಡಿ. ಎರಡು ಎಕರೆಯ ಮಣ್ಣು ತೆಗೆದರೆ ಪಕ್ಕದ ಮೂರು ಎಕರೆಯ ನೀರು, ಮಣ್ಣು ಎರಡೂ ಆ ಗುಂಡಿಗೆ ಎಳೆಯುತ್ತವೆ. ಮನೆಯ ಒತ್ತಡಕ್ಕೆ ಕೊಡಲೇಬೇಕಾಗಿ ಬಂದರೆ ಕರಾರಿನಲ್ಲಿ ಇಷ್ಟನ್ನು ಬರೆಸಿ: ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇಲ್ಲದೆ ಒಂದು ಸನಿಕೆಯೂ ಬೀಳಬಾರದು, ನಿಮ್ಮ ತೊಗರಿ ಹೊಲದ ಗಡಿಯಿಂದ 7.5 ಮೀಟರ್ ಒಳಗೆ ತೋಡಬಾರದು. ಮೇಲ್ಮಣ್ಣನ್ನು ಬೇರೆಯಾಗಿ, ಎರಡು ಮೀಟರಿಗಿಂತ ಎತ್ತರವಾಗದಂತೆ ಕೂಡಿಟ್ಟು ಮೇಲೆ ಹುಲ್ಲು ಬಿತ್ತಬೇಕು, ಮಾರಬಾರದು. ಪಾಲಿಶ್ ಯಂತ್ರದ ಬಿಳಿ ಕೆಸರು ಹೊಲಕ್ಕೋ ಗುಂಡಿಗೋ ಹೋಗಬಾರದು, ಏಕೆಂದರೆ ಅದು ಒಣಗಿ ಮಣ್ಣಿನ ಮೇಲೆ ಹೊರಪದರ ಕಟ್ಟುತ್ತದೆ, ಮಳೆಯಲ್ಲಿ ಬೋರಿಗೆ ಇಳಿಯುತ್ತದೆ. ಮುಗಿದ ಮೇಲೆ ತ್ಯಾಜ್ಯ ಕಲ್ಲು ಕೆಳಗೆ, ಗರಸು ನಡುವೆ, ಮಣ್ಣು ಮೇಲೆ ಎಂದು ತುಂಬಿಕೊಡಬೇಕು. ತುಂಬುವ ಖರ್ಚಿನ ಠೇವಣಿ ಮೊದಲೇ ನಿಮ್ಮ ಹೆಸರಿಗೆ ಬ್ಯಾಂಕಿನಲ್ಲಿ ಇರಲಿ. ಈ ಕೊನೆಯ ಕಲಮಿಗೆ ಅವರು ಒಪ್ಪದಿದ್ದರೆ ಮಾತು ಅಲ್ಲಿಗೇ ಬಿಡಿ.